ತಳಿಗೆ ತಕ್ಕ ಆಹಾರ: ಹಂದಿಯ ಬೆಳವಣಿಗೆ ಮತ್ತು ಮಾಂಸದ ಗುಣವನ್ನು ನಿರ್ವಹಿಸುವ ಬಗೆ

ಕೊಡಗು, ಹಾಸನ, ಚಿಕ್ಕಮಗಳೂರು ಮತ್ತು ಬೆಂಗಳೂರಿನ ಸುತ್ತಮುತ್ತ ಹಂದಿ ಸಾಕಣೆಗೆ ಹೊಸದಾಗಿ ಇಳಿಯುವ ರೈತರು ಮೊದಲು ಕೇಳುವ ಪ್ರಶ್ನೆ ಯಾವ ತಳಿ ಒಳ್ಳೆಯದು ಎಂಬುದು. ಮರಿ ಕೊಂಡು ತಂದ ಮೇಲೆ ಕೇಳುವ ಪ್ರಶ್ನೆ ಅದಕ್ಕೆ ಕಡಿಮೆ ಖರ್ಚಿನಲ್ಲಿ ಏನು ತಿನ್ನಿಸಬಹುದು ಎಂಬುದು. ಈ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ, ಬೇರೆ ಬೇರೆ ಹೊತ್ತಿನಲ್ಲಿ ಕೇಳುವುದರಿಂದಲೇ ಹೆಚ್ಚಿನ ನಷ್ಟವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ದುಬಾರಿ ಬೆಲೆ ಕೊಟ್ಟು ತಂದ ಲಾರ್ಜ್ ವೈಟ್ ಯಾರ್ಕ್‌ಶೈರ್ ಮರಿಗೆ ಬರೀ ಹೋಟೆಲ್ ಮುಸುರೆ ಹಾಕಿ, ಹತ್ತು ತಿಂಗಳಾದರೂ ತೂಕ ಬರಲಿಲ್ಲ, ಬಂದದ್ದೂ ನೆಣವೇ ಎಂದು ತಳಿಯನ್ನು ದೂರುವವರಿದ್ದಾರೆ. ಊರ ಕಪ್ಪು ಹಂದಿಗೆ ಸೋಯಾ ಹಿಂಡಿಯನ್ನು ಧಾರಾಳವಾಗಿ ತಿನ್ನಿಸಿ, ಹಣ ಖರ್ಚಾಯಿತೇ ಹೊರತು ಖಂಡ ಹೆಚ್ಚಲಿಲ್ಲ ಎಂದು ಆಹಾರವನ್ನು ದೂರುವವರೂ ಇದ್ದಾರೆ. ಎರಡೂ ಕಡೆ ತಳಿಯಲ್ಲಾಗಲೀ ಆಹಾರದಲ್ಲಾಗಲೀ ದೋಷವಿಲ್ಲ; ಒಂದಕ್ಕೊಂದು ಹೊಂದದಿರುವುದೇ ದೋಷ.

ಹಂದಿಯ ದೇಹದಲ್ಲಿ ಪ್ರತಿದಿನ ಎಷ್ಟು ಪ್ರೋಟೀನು ಖಂಡವಾಗಿ ಕೂಡಬಲ್ಲದು ಎಂಬುದಕ್ಕೆ ಹುಟ್ಟಿನಿಂದಲೇ ಬಂದ ಒಂದು ಮೇಲ್ಮಿತಿ ಇರುತ್ತದೆ. ಆ ಮಿತಿಯನ್ನು ತಳಿ ನಿರ್ಧರಿಸುತ್ತದೆ; ಆ ಮಿತಿಯನ್ನು ಮುಟ್ಟಬೇಕೇ ಬೇಡವೇ ಎಂಬುದನ್ನು ಆಹಾರ ನಿರ್ಧರಿಸುತ್ತದೆ. ಮಿತಿಗಿಂತ ಹೆಚ್ಚಾಗಿ ತಿನ್ನಿಸಿದ ಪ್ರೋಟೀನು ಒಡೆದು ಮೂತ್ರದಲ್ಲಿ ಯೂರಿಯಾ ಆಗಿ ಹೊರಹೋಗುತ್ತದೆ, ಮಿಕ್ಕ ಶಕ್ತಿಯೆಲ್ಲ ನೆಣವಾಗಿ ನಿಲ್ಲುತ್ತದೆ. ಮಿತಿಗಿಂತ ಕಡಿಮೆ ತಿನ್ನಿಸಿದರೆ ಖಂಡ ಕಟ್ಟಲು ಬೇಕಾದ ಸಾಮಗ್ರಿ ಸಾಲದೆ, ತಿಂದ ಪಿಷ್ಟದ ಶಕ್ತಿ ಆಗಲೂ ನೆಣವೇ ಆಗುತ್ತದೆ. ಹೀಗೆ ಎರಡೂ ತಪ್ಪುಗಳು ಕೊನೆಗೆ ಕೊಬ್ಬಿನ ರೂಪದಲ್ಲೇ ಕಾಣಿಸಿಕೊಳ್ಳುವುದರಿಂದ, ಕೊಯ್ದಾಗ ಕಂಡ ದಪ್ಪ ಕೊಬ್ಬನ್ನು ಮಾತ್ರ ನೋಡಿ ಕಾರಣ ಹೇಳುವುದು ಕಷ್ಟ. ಖಂಡದಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ, ಕೊಬ್ಬಿನಲ್ಲಿ ನೀರು ಅತ್ಯಲ್ಪ. ಆದ್ದರಿಂದ ಒಂದು ಕಿಲೋ ಖಂಡ ಬೆಳೆಯಲು ಬೇಕಾಗುವ ಶಕ್ತಿಗಿಂತ ಸುಮಾರು ನಾಲ್ಕು ಪಟ್ಟು ಶಕ್ತಿ ಒಂದು ಕಿಲೋ ಕೊಬ್ಬು ಬೆಳೆಯಲು ಬೇಕು. ಸಾಕುವವನ ಕೈಯಿಂದ ಹೋಗುವ ಆಹಾರದ ಲೆಕ್ಕದಲ್ಲಿ ಕೊಬ್ಬು ಎಷ್ಟು ದುಬಾರಿ ಎಂಬುದು ಇದರಿಂದ ತಿಳಿಯುತ್ತದೆ.

ಮೊದಲು ಕೊಳ್ಳುವವರನ್ನು ತಿಳಿಯಿರಿ

ತಳಿ ಆರಿಸುವ ಮೊದಲೇ ಮಾಂಸ ಯಾರ ಅಡುಗೆಮನೆಗೆ ಹೋಗುತ್ತದೆ ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. ಕೊಡಗಿನ ಪಂದಿ ಕರಿಗೆ ಚರ್ಮ ಮತ್ತು ಅದರ ಕೆಳಗಿನ ಕೊಬ್ಬಿನ ಪದರ ಎರಡೂ ಬೇಕು; ಕಾಚಂಪುಳಿಯ ಹುಳಿ ಮತ್ತು ಹುರಿದ ಮಸಾಲೆಯ ಜೊತೆಗೆ ನಿಧಾನವಾಗಿ ಬೇಯುವಾಗ ಆ ಕೊಬ್ಬೇ ಸಾರಕ್ಕೆ ಮೈ ಕೊಡುತ್ತದೆ. ಮಂಗಳೂರು ಕಡೆಯ ದುಕ್ರಾ ಮಾಸ್ ಎಂಬ ಹಂದಿಮಾಂಸದ ಅಡುಗೆಗೂ ಸ್ವಲ್ಪ ಕೊಬ್ಬಿದ್ದ ತುಂಡುಗಳೇ ಇಷ್ಟ. ಬೆಂಗಳೂರಿನಲ್ಲಿ ಹ್ಯಾಮ್, ಬೇಕನ್, ಸಾಸೇಜು ತಯಾರಿಸುವವರಿಗೆ ಬೆನ್ನಿನ ಕೊಬ್ಬು ತೆಳುವಾಗಿರಬೇಕು, ಇರುವ ಕೊಬ್ಬು ಬಿಳಿಯಾಗಿ ಗಟ್ಟಿಯಾಗಿರಬೇಕು, ಖಂಡ ನೀರು ಬಿಡಬಾರದು. ಕೊಬ್ಬು ಕಡಿಮೆ ಇದ್ದಷ್ಟೂ ಗುಣಮಟ್ಟ ಹೆಚ್ಚು ಎಂಬ ಮಾತು ವಿದೇಶದ ಸಂಸ್ಕರಣಾ ಮಾರುಕಟ್ಟೆಯಿಂದ ಬಂದದ್ದು. ಮಡಿಕೇರಿ ಅಥವಾ ವಿರಾಜಪೇಟೆಯ ಗಿರಾಕಿಗೆ ಅತಿ ತೆಳು ಕೊಬ್ಬಿನ ಹಂದಿಯನ್ನು ಕೊಟ್ಟರೆ ಅವರು ಮರಳಿ ಬರುವುದಿಲ್ಲ.

ತಳಿಯಿಂದ ಏನು ಬರುತ್ತದೆ, ಏನು ಬರುವುದಿಲ್ಲ

ನಮ್ಮಲ್ಲಿ ಹೆಚ್ಚಾಗಿ ಸಿಗುವ ಬಿಳಿ ಹಂದಿ ಲಾರ್ಜ್ ವೈಟ್ ಯಾರ್ಕ್‌ಶೈರ್ ಅಥವಾ ಅದರ ಮಿಶ್ರತಳಿ. ಉದ್ದ ಮೈ, ಬೇಗ ಬೆಳೆಯುವ ಗುಣ, ತಾಯ್ತನದ ಒಳ್ಳೆಯ ಗುಣ ಇದಕ್ಕಿದೆ. ಲ್ಯಾಂಡ್‌ರೇಸ್ ಸಹ ಬಿಳಿ, ಕಿವಿ ಮುಂದಕ್ಕೆ ಬಾಗಿರುತ್ತವೆ, ತಾಯಿಯಾಗಿ ಬಳಸಲು ಉತ್ತಮ. ಕೆಂಗಂದು ಬಣ್ಣದ ಡ್ಯೂರಾಕ್ ತಂದೆಯಾಗಿ ಬಳಸಲು ಹೆಸರುವಾಸಿ. ಇದರ ಖಂಡದ ಎಳೆಗಳ ನಡುವೆ ಸಣ್ಣ ಗೆರೆಗಳಂತೆ ಕೂಡುವ ಕೊಬ್ಬು ಬಿಳಿ ತಳಿಗಳಿಗಿಂತ ಸ್ಪಷ್ಟವಾಗಿ ಹೆಚ್ಚು. ಭುಜದ ಮೇಲೆ ಬಿಳಿ ಪಟ್ಟಿ ಇರುವ ಕಪ್ಪು ಹ್ಯಾಂಪ್‌ಶೈರ್ ಹಂದಿಯಲ್ಲಿ ಖಂಡದ ಪಾಲು ಹೆಚ್ಚು. ಊರ ಹಂದಿಗಳು ನಿಧಾನವಾಗಿ ಬೆಳೆಯುತ್ತವೆ, ಬೇಗ ಕೊಬ್ಬು ಕಟ್ಟುತ್ತವೆ, ಆದರೆ ಕೀಳು ಗುಣದ, ನಾರು ಹೆಚ್ಚಿರುವ ಆಹಾರವನ್ನು ತಾಳಿಕೊಂಡು ಬದುಕುತ್ತವೆ. ಪಶ್ಚಿಮ ಬಂಗಾಳದ ಘುಂಗ್ರೂ ಹೆಚ್ಚು ಮರಿ ಹಾಕುವುದಕ್ಕೆ ಪ್ರಸಿದ್ಧವಾದ ದೇಶೀ ತಳಿ. ಗುವಾಹಟಿ ಬಳಿಯ ರಾಣಿಯಲ್ಲಿರುವ ರಾಷ್ಟ್ರೀಯ ಹಂದಿ ಸಂಶೋಧನಾ ಕೇಂದ್ರ ಹ್ಯಾಂಪ್‌ಶೈರ್ ಮತ್ತು ಘುಂಗ್ರೂಗಳನ್ನು ಕೂಡಿಸಿ ರೂಪಿಸಿದ ‘ರಾಣಿ’ ಎಂಬ ಮಿಶ್ರತಳಿಯ ಹಿಂದಿನ ಯೋಚನೆಯೂ ಇದೇ: ಒಂದು ಕಡೆಯಿಂದ ಖಂಡ, ಇನ್ನೊಂದು ಕಡೆಯಿಂದ ತಾಳಿಕೆ ಮತ್ತು ಮರಿಗಳ ಸಂಖ್ಯೆ.

ತಳಿ ಎಂದರೆ ಎಲ್ಲ ಗುಣಗಳೂ ಒಂದೇ ಪ್ರಮಾಣದಲ್ಲಿ ತಂದೆತಾಯಿಯಿಂದ ಮರಿಗೆ ಇಳಿಯುತ್ತವೆ ಎಂದಲ್ಲ. ಮರಿಗಳ ಸಂಖ್ಯೆಯಲ್ಲಿ ಹಂದಿಯಿಂದ ಹಂದಿಗೆ ಕಾಣುವ ವ್ಯತ್ಯಾಸದಲ್ಲಿ ವಂಶವಾಹಿಯ ಪಾಲು ಸುಮಾರು ಶೇಕಡಾ 10 ಮಾತ್ರ. ದಿನದ ತೂಕ ಏರಿಕೆಯಲ್ಲಿ ಅದು ಸುಮಾರು ಶೇ. 30, ಬೆನ್ನಿನ ಕೊಬ್ಬಿನ ದಪ್ಪದಲ್ಲಿ ಶೇ. 40ರಿಂದ 50, ಖಂಡದೊಳಗಿನ ಕೊಬ್ಬಿನಲ್ಲಿ ಸುಮಾರು ಶೇ. 50. ಆದ್ದರಿಂದ ಕೊಬ್ಬಿನ ದಪ್ಪವನ್ನೂ ಖಂಡದೊಳಗಿನ ಕೊಬ್ಬನ್ನೂ ಬದಲಿಸಬೇಕಾದರೆ ಗಂಡಿನ ಆಯ್ಕೆ ಬಲವಾದ ಸಾಧನ. ಮರಿಗಳ ಸಂಖ್ಯೆ ಮತ್ತು ಉಳಿವನ್ನು ಹೆಚ್ಚಿಸಬೇಕಾದರೆ ಒಂದೇ ತಳಿಯೊಳಗಿನ ಆಯ್ಕೆಗಿಂತ ಮಿಶ್ರತಳಿ ಮಾಡುವುದು ಬೇಗ ಫಲ ಕೊಡುತ್ತದೆ, ಏಕೆಂದರೆ ಮಿಶ್ರತಳಿಯ ಹುರುಪು ಮರಿಗಳ ಉಳಿವಿನಲ್ಲಿ ಎದ್ದು ಕಾಣುತ್ತದೆ. ಮಾಂಸದ ಗುಣದಲ್ಲಿ ಆ ಹುರುಪು ಕಾಣುವುದೇ ಇಲ್ಲ ಎನ್ನಬಹುದು. ಯಾರ್ಕ್‌ಶೈರ್ ಮತ್ತು ಲ್ಯಾಂಡ್‌ರೇಸ್ ಕೂಡಿದ ಹೆಣ್ಣಿಗೆ ಡ್ಯೂರಾಕ್ ಗಂಡು ಎಂಬ ಮೂರು ತಳಿಗಳ ಏರ್ಪಾಡು ಜಗತ್ತಿನ ಬಹಳ ಕಡೆ ನಿಂತಿರುವುದು ಈ ಕಾರಣಕ್ಕೆ.

ಒಂದೇ ಗಂಡನ್ನು ವರ್ಷಗಟ್ಟಲೆ ಇಟ್ಟುಕೊಂಡು ಅದರ ಮಗಳಿಗೆ, ಮೊಮ್ಮಗಳಿಗೆ ಕೂಡಿಸುವ ರೂಢಿ ನಮ್ಮ ಸಣ್ಣ ಸಾಕಣೆಗಳಲ್ಲಿ ಇನ್ನೂ ಇದೆ. ಇದರಿಂದ ಸೂಲಿಗೆ ಬರುವ ಮರಿಗಳು ಕಡಿಮೆಯಾಗುತ್ತವೆ, ಸಾವು ಹೆಚ್ಚುತ್ತದೆ, ಬೆಳವಣಿಗೆ ಕುಂಠಿತವಾಗುತ್ತದೆ. ಈ ನಷ್ಟವನ್ನು ಯಾವ ಆಹಾರವೂ ತುಂಬಿಕೊಡಲಾರದು. ಗಂಡನ್ನು ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಬೇಕು, ಬದಲಿಸುವ ಗಂಡು ಪಕ್ಕದ ಊರಿನ ಅದೇ ಮೂಲದ್ದಾಗಿರಬಾರದು.

ಗಂಡನ್ನು ಕೊಳ್ಳುವಾಗ ಕೇಳಬೇಕಾದದ್ದು

ಮಾಂಸದ ಗುಣವನ್ನು ಒಂದೇ ಏಟಿಗೆ ಕೆಡಿಸಬಲ್ಲ ಅಥವಾ ಸುಧಾರಿಸಬಲ್ಲ ಕೆಲವು ವಂಶವಾಹಿಗಳು ಹಂದಿಯಲ್ಲಿ ಗುರುತಾಗಿವೆ. ಮೊದಲನೆಯದು ಹ್ಯಾಲೋಥೇನ್ ವಂಶವಾಹಿ ಎಂದು ಹೆಸರಾದದ್ದು, ಇದರ ಮೂಲದೋಷವನ್ನು 1991ರಲ್ಲಿ ಪತ್ತೆ ಹಚ್ಚಲಾಯಿತು. ಬೆಲ್ಜಿಯಂ ಮೂಲದ ಪಿಯೆಟ್ರೇನ್ ತಳಿಯಲ್ಲಿ ಹೆಚ್ಚಾಗಿಯೂ ಕೆಲವು ಲ್ಯಾಂಡ್‌ರೇಸ್ ವಂಶದ ಸಾಲುಗಳಲ್ಲಿಯೂ ಇದ್ದ ಈ ದೋಷ ಖಂಡವನ್ನು ಹೆಚ್ಚಿಸುತ್ತದೆ, ಆದರೆ ಹಂದಿ ಗಾಬರಿಗೊಂಡಾಗ ಸ್ನಾಯುವಿನಲ್ಲಿ ಕ್ಯಾಲ್ಸಿಯಂ ಹತೋಟಿ ತಪ್ಪಿ, ಸಾಗಾಟದಲ್ಲಿಯೇ ಪ್ರಾಣಿ ಸಾಯುವಂತೆ, ಕೊಯ್ದರೆ ಮಾಂಸ ಬಿಳಿಚಿ ಮೆತ್ತಗಾಗಿ ನೀರು ಸೋರುವಂತೆ ಮಾಡುತ್ತದೆ. ಎರಡನೆಯದು ಹ್ಯಾಂಪ್‌ಶೈರ್ ತಳಿಯಲ್ಲಿ ಕಂಡುಬರುವ ದೋಷ. 2000ದಲ್ಲಿ ಇದರ ಮೂಲ ತಿಳಿಯಿತು. ಇದಿರುವ ಹಂದಿಯ ಸ್ನಾಯುವಿನಲ್ಲಿ ಗ್ಲೈಕೋಜನ್ ಎಂಬ ಶಕ್ತಿಯ ಸಂಗ್ರಹ ಸುಮಾರು ಶೇ. 70ರಷ್ಟು ಹೆಚ್ಚಿದ್ದು, ಕೊಯ್ದ ಮೇಲೆ ಅದು ಆಮ್ಲವಾಗಿ ಬದಲಾಗಿ ಮಾಂಸ ಅತಿ ಹುಳಿಯಾಗುತ್ತದೆ. ಹ್ಯಾಮ್ ಬೇಯಿಸಿದಾಗ ತೂಕ ಬಹಳ ಇಳಿಯುತ್ತದೆ. ಹ್ಯಾಂಪ್‌ಶೈರ್ ರಕ್ತ ಬೆರೆತ ಗಂಡನ್ನು ಸಂಸ್ಕರಣೆಯ ಮಾರುಕಟ್ಟೆಗೆಂದು ಇಟ್ಟುಕೊಳ್ಳುವವರು ಅದರಲ್ಲಿ ಈ ದೋಷವಿದೆಯೇ ಎಂದು ಕೇಳಲೇಬೇಕು.

ಮೂರನೆಯದು ನನಗೆ ಎಲ್ಲಕ್ಕಿಂತ ಹೆಚ್ಚು ಕುತೂಹಲ ಹುಟ್ಟಿಸುವ ವಂಶವಾಹಿ: ಐಜಿಎಫ್2. ಇದರ ಒಂದು ರೂಪ ಖಂಡವನ್ನು ಶೇ. 3ರಿಂದ 4ರಷ್ಟು ಹೆಚ್ಚಿಸಿ ಬೆನ್ನಿನ ಕೊಬ್ಬನ್ನು ಇಳಿಸುತ್ತದೆ ಎಂದು 2003ರಲ್ಲಿ ತಿಳಿದುಬಂತು. ವಿಶೇಷವೆಂದರೆ ಮರಿಯ ಸ್ನಾಯುವಿನಲ್ಲಿ ತಂದೆಯಿಂದ ಬಂದ ಪ್ರತಿ ಮಾತ್ರ ಕೆಲಸ ಮಾಡುತ್ತದೆ, ತಾಯಿಯಿಂದ ಬಂದದ್ದು ಸುಮ್ಮನಿರುತ್ತದೆ. ಹಾಗಾಗಿ ತಾಯಿಯನ್ನು ಕೊಬ್ಬು ಚೆನ್ನಾಗಿ ಕೂಡಿಕೊಂಡು ಮರಿಗಳಿಗೆ ಹಾಲುಣಿಸುವ ಗಟ್ಟಿಮುಟ್ಟಾದ ಸಾಲಿನಿಂದಲೂ, ತಂದೆಯನ್ನು ಖಂಡದ ಸಾಲಿನಿಂದಲೂ ಆರಿಸಿದರೆ ಎರಡೂ ಲಾಭಗಳು ಒಟ್ಟಿಗೆ ದೊರೆಯುತ್ತವೆ.

ವಂಶವಾಹಿ ಪರೀಕ್ಷೆ ನಮ್ಮ ಸಣ್ಣ ಸಾಕಣೆದಾರರ ಕೈಗೆಟುಕುವುದು ಅಪರೂಪ. ಆದರೂ ಸರಕಾರಿ ತಳಿ ಸಂವರ್ಧನಾ ಕೇಂದ್ರದಿಂದಾಗಲೀ ಖಾಸಗಿಯವರಿಂದಾಗಲೀ ಗಂಡು ಕೊಳ್ಳುವಾಗ ಆ ಗಂಡಿನ ಒಡಹುಟ್ಟಿದ ಮರಿಗಳು ಎಷ್ಟು ದಿನಕ್ಕೆ ಎಷ್ಟು ತೂಕ ಬಂದವು, ಕೊಯ್ದಾಗ ಬೆನ್ನಿನ ಕೊಬ್ಬು ಎಷ್ಟಿತ್ತು, ಸಾಗಾಟದಲ್ಲಿ ಸತ್ತವೇ ಎಂದು ಕೇಳುವುದಕ್ಕೆ ಯಾವ ಪ್ರಯೋಗಾಲಯವೂ ಬೇಡ. ಇದರ ಜೊತೆಗೆ, ಆ ಅಂಕಿಗಳು ಯಾವ ಆಹಾರದ ಮೇಲೆ ಬಂದವು ಎಂದೂ ತಪ್ಪದೆ ಕೇಳಬೇಕು. ಸಮತೋಲ ಹಿಂಡಿ ಆಹಾರದ ಮೇಲೆ ಮೊದಲ ಸ್ಥಾನ ಪಡೆದ ಗಂಡಿನ ಮಕ್ಕಳು ನಾರು ಹೆಚ್ಚಿರುವ, ಪ್ರೋಟೀನು ಕಡಿಮೆ ಇರುವ ಆಹಾರದ ಮೇಲೆ ಮೊದಲ ಸ್ಥಾನದಲ್ಲಿ ಇರಬೇಕೆಂದಿಲ್ಲ. ಆಹಾರ ಬದಲಾದಂತೆ ತಳಿಗಳ ಮೇಲು ಕೀಳಿನ ಕ್ರಮವೂ ಬದಲಾಗಬಹುದು.

ಆಹಾರ ಗರ್ಭದಲ್ಲೇ ಶುರುವಾಗುತ್ತದೆ

ಮರಿಯ ಸ್ನಾಯುವಿನಲ್ಲಿ ಎಷ್ಟು ಎಳೆಗಳಿರುತ್ತವೆ ಎಂಬುದು ಹುಟ್ಟುವ ಮೊದಲೇ ನಿಶ್ಚಯವಾಗಿಬಿಡುತ್ತದೆ. ಹುಟ್ಟಿದ ಮೇಲೆ ಆ ಎಳೆಗಳು ದಪ್ಪವಾಗುತ್ತವೆ, ಉದ್ದವಾಗುತ್ತವೆ, ಆದರೆ ಸಂಖ್ಯೆ ಹೆಚ್ಚುವುದಿಲ್ಲ. ಹುಟ್ಟಿದಾಗ ಒಂದು ಕಿಲೋಗಿಂತ ಕಡಿಮೆ ತೂಗುವ ಮರಿಯಲ್ಲಿ ಎಳೆಗಳು ಕಡಿಮೆ ಇರುವುದರಿಂದ, ಅದು ಒಳ್ಳೆಯ ತಂದೆಯ ಮಗುವಾದರೂ ನಿಧಾನವಾಗಿ ಬೆಳೆದು ಹೆಚ್ಚು ಕೊಬ್ಬು ಕಟ್ಟುತ್ತದೆ. ಸುಮಾರು 114 ದಿನಗಳ ಗರ್ಭದ ಅವಧಿಯಲ್ಲಿ ತಾಯಿಯನ್ನು ಮೊದಲ ತಿಂಗಳುಗಳಲ್ಲಿ ಅತಿಯಾಗಿ ಕೊಬ್ಬಿಸದೆ, ಕೊನೆಯ ತಿಂಗಳಲ್ಲಿ ಆಹಾರವನ್ನು ಹೆಚ್ಚಿಸಿ, ಹಾಲೂಡುವಾಗ ಅದು ತಿನ್ನುವಷ್ಟನ್ನೂ ಕೊಡಬೇಕು. ಸಿಮೆಂಟ್ ನೆಲದ ಗೂಡಿನಲ್ಲಿ ಹುಟ್ಟಿದ ಮರಿಗಳಿಗೆ ಮೂರನೆಯ ದಿನದ ಹೊತ್ತಿಗೆ 200 ಮಿಲಿಗ್ರಾಂ ಕಬ್ಬಿಣಾಂಶದ ಚುಚ್ಚುಮದ್ದು ಹಾಕಿಸದಿದ್ದರೆ ರಕ್ತಹೀನತೆ ಬಂದು, ಮುಂದೆ ಹಾಕುವ ಯಾವ ಆಹಾರವೂ ತಕ್ಕ ಫಲ ಕೊಡುವುದಿಲ್ಲ.

ಪ್ರೋಟೀನಿನ ಲೆಕ್ಕವಲ್ಲ, ಲೈಸಿನಿನ ಲೆಕ್ಕ

ಚೀಲದ ಮೇಲೆ ಶೇ. 18 ಪ್ರೋಟೀನು ಎಂದು ಬರೆದದ್ದನ್ನು ನೋಡಿ ನೆಮ್ಮದಿ ಪಡುವುದು ಸಾಮಾನ್ಯ ತಪ್ಪು. ಹಂದಿಗೆ ಬೇಕಾದದ್ದು ಪ್ರೋಟೀನಿನೊಳಗಿನ ಅಮೈನೋ ಆಮ್ಲಗಳು. ಧಾನ್ಯ ಮತ್ತು ಹಿಂಡಿಗಳ ಆಹಾರದಲ್ಲಿ ಅವುಗಳ ಪೈಕಿ ಮೊದಲು ಕೊರತೆ ಬೀಳುವುದು ಲೈಸಿನ್. ಲೈಸಿನ್ ಸಾಲದಿದ್ದರೆ ಉಳಿದ ಅಮೈನೋ ಆಮ್ಲಗಳು ಎಷ್ಟಿದ್ದರೂ ಖಂಡ ಕಟ್ಟುವ ಕೆಲಸ ನಿಲ್ಲುತ್ತದೆ. ಖಂಡದ ಸಾಲಿನ ಹಂದಿಗೆ 25ರಿಂದ 50 ಕಿಲೋ ತೂಕದ ಹಂತದಲ್ಲಿ ಜೀರ್ಣವಾಗುವ ಲೈಸಿನ್ ಆಹಾರದ ಸುಮಾರು ಶೇ. 0.98, 50ರಿಂದ 75 ಕಿಲೋದಲ್ಲಿ ಶೇ. 0.85, 75ರಿಂದ 100 ಕಿಲೋದಲ್ಲಿ ಶೇ. 0.73 ಇರಬೇಕೆಂದು ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2012ರಲ್ಲಿ ಕೊಟ್ಟ ಕೋಷ್ಟಕ ಹೇಳುತ್ತದೆ. ನಮ್ಮ ಮಿಶ್ರತಳಿಗಳ ಬೆಳವಣಿಗೆ ಅಲ್ಲಿನಷ್ಟು ವೇಗದ್ದಲ್ಲವಾದ್ದರಿಂದ ಇದಕ್ಕಿಂತ ಸ್ವಲ್ಪ ಕಡಿಮೆಯಲ್ಲೂ ಕೆಲಸ ನಡೆಯುತ್ತದೆ, ಆದರೆ ತೂಕ ಏರಿದಂತೆ ಪ್ರಮಾಣ ಇಳಿಯುವ ಕ್ರಮ ಎಲ್ಲ ತಳಿಗೂ ಒಂದೇ.

ಒಂದು ಲೆಕ್ಕವನ್ನು ಬಿಡಿಸಿ ನೋಡೋಣ. 25ರಿಂದ 50 ಕಿಲೋ ಹಂದಿಗೆ ನೂರು ಕಿಲೋ ಆಹಾರದಲ್ಲಿ ಮೆಕ್ಕೆಜೋಳ 65 ಕಿಲೋ, ಸೋಯಾ ಹಿಂಡಿ 22 ಕಿಲೋ, ಗೋಧಿ ಬೂಸಾ 10 ಕಿಲೋ, ಉಳಿದ 3 ಕಿಲೋ ಖನಿಜ ಮಿಶ್ರಣ, ಉಪ್ಪು ಮತ್ತು ವಿಟಮಿನ್ ಎಂದಿಟ್ಟುಕೊಳ್ಳಿ. ಮೆಕ್ಕೆಜೋಳದಲ್ಲಿ ಲೈಸಿನ್ ಸುಮಾರು ಶೇ. 0.25, ಸೋಯಾ ಹಿಂಡಿಯಲ್ಲಿ ಶೇ. 2.8, ಬೂಸಾದಲ್ಲಿ ಶೇ. 0.6. ಕೂಡಿಸಿದರೆ ಒಟ್ಟು ಲೈಸಿನ್ ಸುಮಾರು ಶೇ. 0.84, ಪ್ರೋಟೀನು ಸುಮಾರು ಶೇ. 17 ಬರುತ್ತದೆ. ಇದಕ್ಕೆ 200 ಗ್ರಾಂ ಲೈಸಿನ್ ಪುಡಿ ಸೇರಿಸಿದರೆ ಲೈಸಿನ್ ಶೇ. 1ರ ಹತ್ತಿರ ಬರುತ್ತದೆ. ಈಗ ಬೆಲೆ ಕಡಿಮೆ ಎಂದು ಸೋಯಾ ಹಿಂಡಿಯನ್ನು ತೆಗೆದು ಅಷ್ಟೇ ತೂಕದ ಕಡಲೆಕಾಯಿ ಹಿಂಡಿಯನ್ನು ಹಾಕಿ. ಪ್ರೋಟೀನು ಹೆಚ್ಚುಕಡಿಮೆ ಶೇ. 17ರಲ್ಲೇ ನಿಲ್ಲುತ್ತದೆ, ಆದರೆ ಕಡಲೆಕಾಯಿ ಹಿಂಡಿಯಲ್ಲಿ ಲೈಸಿನ್ ಸುಮಾರು ಶೇ. 1.5 ಮಾತ್ರ ಇರುವುದರಿಂದ ಪುಡಿ ಸೇರಿಸುವ ಮೊದಲಿನ ಒಟ್ಟು ಲೈಸಿನ್ ಶೇ. 0.55ಕ್ಕೆ ಕುಸಿಯುತ್ತದೆ. ಚೀಲದ ಮೇಲಿನ ಅಂಕಿ ಬದಲಾಗಲಿಲ್ಲ, ಹಂದಿಗೆ ಸಿಗುವ ಖಂಡದ ಸಾಮಗ್ರಿ ಮೂರನೆಯ ಒಂದು ಭಾಗದಷ್ಟು ಕಡಿಮೆಯಾಯಿತು. ಇಲ್ಲಿಯೇ ತಳಿಯ ಮಾತು ಬರುತ್ತದೆ: ಊರ ಹಂದಿಗೆ ಈ ಎರಡನೆಯ ಆಹಾರದಿಂದ ಹೆಚ್ಚಿನ ತೊಂದರೆ ಕಾಣುವುದಿಲ್ಲ, ಏಕೆಂದರೆ ಅದರ ಮೇಲ್ಮಿತಿಯೇ ಕೆಳಗಿದೆ, ಯಾರ್ಕ್‌ಶೈರ್ ಅಥವಾ ಡ್ಯೂರಾಕ್ ಮಿಶ್ರತಳಿ ಮಾತ್ರ ತನ್ನ ವೇಗವನ್ನು ಕಳೆದುಕೊಂಡು ಕೊಬ್ಬುತ್ತದೆ. ಒಳ್ಳೆಯ ತಳಿಗೆ ಕೊಟ್ಟ ಹೆಚ್ಚಿನ ಬೆಲೆ ಅಲ್ಲಿಗೆ ವ್ಯರ್ಥವಾಯಿತು. ಕಡಲೆಕಾಯಿ ಹಿಂಡಿಯನ್ನು ಬಳಸಲೇಬಾರದು ಎಂದಲ್ಲ. ಬೂಷ್ಟು ಹಿಡಿಯದ, ಒಣಗಿದ ಹಿಂಡಿಯನ್ನು ಸ್ವಲ್ಪ ಪ್ರಮಾಣದಲ್ಲಿ ಬಳಸಿ, ಕೊರತೆಯನ್ನು ಲೈಸಿನ್ ಪುಡಿಯಿಂದ ತುಂಬಿಸಿಕೊಳ್ಳಬಹುದು. ಹಸಿ ಸೋಯಾ ಕಾಳನ್ನು ಮಾತ್ರ ಬೇಯಿಸದೆ ಅಥವಾ ಹುರಿಯದೆ ಹಾಕಬಾರದು, ಅದರಲ್ಲಿರುವ ವಸ್ತುವೊಂದು ಪ್ರೋಟೀನಿನ ಜೀರ್ಣವನ್ನೇ ತಡೆಯುತ್ತದೆ.

ಯಾವ ಹಂತದ ಆಹಾರ ಯಾವಾಗ ಎಂದು ತಿಳಿಯಲು ತೂಕ ಗೊತ್ತಿರಬೇಕು. ತಕ್ಕಡಿ ಇಲ್ಲದವರು ಟೇಪಿನಿಂದ ಅಳೆಯಬಹುದು: ಮುಂಗಾಲಿನ ಹಿಂದೆ ಎದೆಯ ಸುತ್ತಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ, ಕಿವಿಗಳ ನಡುವಿನಿಂದ ಬಾಲದ ಬುಡದವರೆಗಿನ ಉದ್ದದಿಂದ ಗುಣಿಸಿ, ಬಂದದ್ದನ್ನು 69.3ರಿಂದ ಗುಣಿಸಿದರೆ ಕಿಲೋಗಳಲ್ಲಿ ಅಂದಾಜು ತೂಕ ಸಿಗುತ್ತದೆ. ಸುತ್ತಳತೆ ಒಂದು ಮೀಟರ್, ಉದ್ದ ಒಂದು ಮೀಟರ್ ಇರುವ ಹಂದಿ ಸುಮಾರು 69 ಕಿಲೋ. ಹದಿನೈದು ದಿನಕ್ಕೊಮ್ಮೆ ಬೆಳಿಗ್ಗೆ ಆಹಾರ ಹಾಕುವ ಮೊದಲು ಅಳೆದು ಬರೆದಿಡಬೇಕು.

ಹೆಣ್ಣು ಮತ್ತು ಬೀಜ ಒಡೆದ ಗಂಡುಗಳನ್ನು 50 ಕಿಲೋ ಆದ ಮೇಲೆ ಬೇರೆ ಗೂಡಿನಲ್ಲಿ ಇಡುವುದು ಒಳ್ಳೆಯದು. ಬೀಜ ಒಡೆದ ಗಂಡು ಹೆಚ್ಚು ತಿಂದು ಹೆಚ್ಚು ಕೊಬ್ಬು ಕಟ್ಟುತ್ತದೆ. ತೆಳು ಕೊಬ್ಬಿನ ಮಾರುಕಟ್ಟೆಗಾದರೆ ಸುಮಾರು 60 ಕಿಲೋದಿಂದ ಮುಂದೆ ಅದು ತಿನ್ನಬಲ್ಲದ್ದರ ಶೇ. 80ರಿಂದ 85ರಷ್ಟನ್ನು ಮಾತ್ರ ಕೊಡಬೇಕು. ಹೆಣ್ಣು ಕಡಿಮೆ ತಿಂದು ಹೆಚ್ಚು ಖಂಡ ಬೆಳೆಸುವುದರಿಂದ ಅದರ ಆಹಾರದಲ್ಲಿ ಲೈಸಿನ್ ಪ್ರಮಾಣ ಸ್ವಲ್ಪ ಹೆಚ್ಚಿರಬೇಕು. ಕರಾವಳಿಯಲ್ಲಿಯೂ ಬಯಲುಸೀಮೆಯ ಬೇಸಿಗೆಯಲ್ಲಿಯೂ ಇನ್ನೊಂದು ಸಮಸ್ಯೆ ಇದೆ. ಹಂದಿಗೆ ಬೆವರುವ ಶಕ್ತಿ ಇಲ್ಲದಷ್ಟು ಕಡಿಮೆ, ದೊಡ್ಡ ಹಂದಿ 25 ಡಿಗ್ರಿ ಸೆಲ್ಸಿಯಸ್ ದಾಟಿದರೆ ತಿನ್ನುವುದನ್ನು ಕಡಿಮೆ ಮಾಡುತ್ತದೆ, ಮೊದಲೇ ಕಡಿಮೆ ತಿನ್ನುವ ಖಂಡದ ತಳಿಗಳಿಗೆ ಇದರ ಪೆಟ್ಟು ಹೆಚ್ಚು. ಆಗ ಬೂಸಾ ತೌಡುಗಳಂಥ ನಾರಿನ ಪದಾರ್ಥಗಳನ್ನು ಇಳಿಸಿ, ಕಡಿಮೆ ಆಹಾರದಲ್ಲೇ ಹೆಚ್ಚು ಪೋಷಕಾಂಶ ಸಿಗುವಂತೆ ಮಾಡಿ, ತಂಪು ಹೊತ್ತಿನಲ್ಲಿ ಹಾಕಬೇಕು, ಮೈಮೇಲೆ ನೀರು ಸಿಂಪಡಿಸಬೇಕು.

ಮುಸುರೆಯ ಮೇಲೆ ಸಾಕುವವರಿಗೆ

ಹೋಟೆಲ್ ಮುಸುರೆಯನ್ನು ಬಿಟ್ಟು ಹಂದಿ ಸಾಕಣೆಯ ಮಾತಾಡುವುದು ನಮ್ಮ ರಾಜ್ಯದಲ್ಲಿ ಪ್ರಾಮಾಣಿಕವಾಗದು. ಅನ್ನ, ಸಾರು, ತರಕಾರಿ ಸಿಪ್ಪೆಗಳ ಮುಸುರೆಯಲ್ಲಿ ಬಹುಪಾಲು ನೀರು. ಒಣ ಭಾಗದಲ್ಲಿ ಪಿಷ್ಟ ಮತ್ತು ಎಣ್ಣೆ ಹೆಚ್ಚು, ಲೈಸಿನ್ ಕಡಿಮೆ. 50 ಕಿಲೋದ ಯಾರ್ಕ್‌ಶೈರ್ ಮಿಶ್ರತಳಿಗೆ ದಿನಕ್ಕೆ ಸುಮಾರು 16ರಿಂದ 17 ಗ್ರಾಂ ಲೈಸಿನ್ ಬೇಕು. ಅನ್ನವೇ ಮುಖ್ಯವಾದ ಮುಸುರೆಯಿಂದ ಒಂದೂವರೆ ಕಿಲೋ ಒಣ ಭಾಗ ತಿಂದರೂ ಅದಕ್ಕೆ ಸಿಗುವುದು 5ರಿಂದ 6 ಗ್ರಾಂ. ಈ ಅಂತರವನ್ನು ತುಂಬಲು ದಿನಕ್ಕೆ ಸುಮಾರು 400 ಗ್ರಾಂ ಸೋಯಾ ಹಿಂಡಿಯನ್ನು ಖನಿಜ ಮಿಶ್ರಣದೊಂದಿಗೆ ಕೊಟ್ಟರೆ ಸಾಕು, ಮುಸುರೆಯನ್ನು ಬಿಡಬೇಕಾಗಿಲ್ಲ. ಅದೇ ಮುಸುರೆಯ ಮೇಲೆ ಊರ ಹಂದಿಯನ್ನೋ ಅರ್ಧ ರಕ್ತದ ಮಿಶ್ರತಳಿಯನ್ನೋ ಸಾಕುವವರಿಗೆ ಇದರ ಅರ್ಧಕ್ಕಿಂತ ಕಡಿಮೆ ಹಿಂಡಿ ಸಾಲುತ್ತದೆ, ಅದಕ್ಕಿಂತ ಹೆಚ್ಚು ಹಾಕುವುದು ಹಣ ಚೆಲ್ಲಿದಂತೆ. ಹಿಂಡಿ ಕೊಳ್ಳುವ ಶಕ್ತಿ ಇಲ್ಲದವರು ಶುದ್ಧ ಬಿಳಿ ತಳಿಯನ್ನು ತರಬಾರದು ಎಂದು ನಾನು ನೇರವಾಗಿಯೇ ಹೇಳುತ್ತೇನೆ. ಮಿಶ್ರತಳಿಯೇ ಅವರಿಗೆ ಹೆಚ್ಚು ಲಾಭ ಕೊಡುತ್ತದೆ.

ಮುಸುರೆಯನ್ನು ಅರ್ಧ ಗಂಟೆಯಾದರೂ ಕಲಕುತ್ತಾ ಕುದಿಸದೆ ಹಾಕಬಾರದು. 2020ರಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಅಸ್ಸಾಂ ಮತ್ತು ಅರುಣಾಚಲ ಪ್ರದೇಶಗಳಲ್ಲಿ ಕಾಣಿಸಿಕೊಂಡು ನಂತರ ನಮ್ಮ ರಾಜ್ಯಕ್ಕೂ ಬಂದ ಆಫ್ರಿಕನ್ ಹಂದಿ ಜ್ವರಕ್ಕೆ ಮದ್ದಿಲ್ಲ, ಬೇಯದ ಹಂದಿಮಾಂಸದ ಚೂರುಗಳಿಂದ ಅದು ಹರಡುತ್ತದೆ, ಗೂಡಿಗೆ ಬಂದರೆ ತಳಿಯೂ ಆಹಾರವೂ ಲೆಕ್ಕಕ್ಕೆ ಬರುವುದಿಲ್ಲ.

ಕೊಬ್ಬಿನ ಗುಣ, ಖಂಡದೊಳಗಿನ ಕೊಬ್ಬು, ವಾಸನೆ

ಹಸು ಕುರಿಗಳ ಹೊಟ್ಟೆಯಲ್ಲಿ ಎಣ್ಣೆಯ ರೂಪ ಬದಲಾಗುತ್ತದೆ. ಹಂದಿ ತಿಂದ ಎಣ್ಣೆ ಹೆಚ್ಚುಕಡಿಮೆ ಹಾಗೆಯೇ ಅದರ ಕೊಬ್ಬಿಗೆ ಬಂದು ಸೇರುತ್ತದೆ. ಎಣ್ಣೆ ತೆಗೆಯದ ಅಕ್ಕಿ ತೌಡು, ಕರಿದ ತಿಂಡಿಯ ಮುಸುರೆ, ಸೋಯಾ ಕಾಳು ಹೆಚ್ಚಾದರೆ ಕೊಬ್ಬು ಮೆತ್ತಗಾಗಿ, ಹಳದಿ ಛಾಯೆಗೆ ತಿರುಗಿ, ಬೇಗ ಕಮಟುತ್ತದೆ. ಬೆನ್ನಿನ ಕೊಬ್ಬು ತೆಳುವಾದ ಖಂಡದ ತಳಿಗಳಲ್ಲಿ ಈ ಮೆತ್ತಗಾಗುವಿಕೆ ಇನ್ನೂ ಹೆಚ್ಚು, ಏಕೆಂದರೆ ದೇಹವೇ ತಯಾರಿಸುವ ಗಟ್ಟಿ ಕೊಬ್ಬು ಅವುಗಳಲ್ಲಿ ಕಡಿಮೆ. ಮಾರುವ ಮುಂಚಿನ ಆರು ವಾರಗಳಲ್ಲಿಯಾದರೂ ಎಣ್ಣೆ ತೆಗೆದ ತೌಡು, ರಾಗಿ, ನುಚ್ಚು, ಬೇಯಿಸಿದ ಮರಗೆಣಸುಗಳಂಥ ಪಿಷ್ಟದ ಪದಾರ್ಥಗಳಿಗೆ ಬದಲಿಸಬೇಕು. ಕರಾವಳಿಯಲ್ಲಿ ಸುಲಭವಾಗಿ ಸಿಗುವ ಮೀನಿನ ಕಸವನ್ನು ಸಣ್ಣ ಮರಿಗಳಿಗೆ ಬೇಯಿಸಿ ಕೊಡಬಹುದು, ಲೈಸಿನ್ ಹೇರಳವಾಗಿದೆ. ಆದರೆ ಇದೇ ಕೊನೆಯ ವಾರಗಳಲ್ಲಿ ಅದನ್ನು ಪೂರ್ತಿ ನಿಲ್ಲಿಸದಿದ್ದರೆ ಮಾಂಸ ಮೀನಿನ ವಾಸನೆ ಹಿಡಿಯುತ್ತದೆ. ಕೊನೆಯ ಹಂತದ ಆಹಾರದಲ್ಲಿ ವಿಟಮಿನ್ ಇ ಕಿಲೋಗೆ 100ರಿಂದ 200 ಮಿಲಿಗ್ರಾಂ ಇದ್ದರೆ ಕಮಟುವುದು ನಿಧಾನವಾಗುತ್ತದೆ.

ಖಂಡದ ಎಳೆಗಳ ನಡುವಿನ ಕೊಬ್ಬು ಶೇ. 2ರಿಂದ 3ರಷ್ಟಿದ್ದರೆ ಬೇಯಿಸಿದ ಮಾಂಸ ಮೃದುವಾಗಿ ರಸಭರಿತವಾಗಿರುತ್ತದೆ. ಬಿಳಿ ತಳಿಗಳಲ್ಲಿ ಇದು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ. ಕೊನೆಯ ಹಂತದಲ್ಲಿ ಲೈಸಿನನ್ನು ಬೇಕೆಂದೇ ಇಳಿಸಿದರೆ ಇದು ಹೆಚ್ಚುತ್ತದೆ, ಆದರೆ ಬೆಳವಣಿಗೆ ಕುಗ್ಗುತ್ತದೆ, ಬೆನ್ನಿನ ಕೊಬ್ಬೂ ದಪ್ಪವಾಗಬಹುದು. ಡ್ಯೂರಾಕ್ ಗಂಡಿನಿಂದ ಪಡೆದರೆ ಈ ನಷ್ಟವಿಲ್ಲದೆ ಅದೇ ಫಲ ಸಿಗುತ್ತದೆ. ಇದು ಆಹಾರಕ್ಕಿಂತ ತಳಿಯಿಂದಲೇ ಸಾಧಿಸಬೇಕಾದ ಗುಣ.

ಬೀಜ ಒಡೆಯದ ಗಂಡಿನ ಮಾಂಸದ ದುರ್ವಾಸನೆಯಲ್ಲಿ ಎರಡು ವಸ್ತುಗಳ ಪಾಲಿದೆ: ವೃಷಣದಲ್ಲಿ ಹುಟ್ಟುವ ಆಂಡ್ರೊಸ್ಟೆನೋನ್ ಮತ್ತು ದೊಡ್ಡ ಕರುಳಿನಲ್ಲಿ ಹುಟ್ಟುವ ಸ್ಕೆಟೋಲ್. ಮೊದಲನೆಯದು ಬಹುಮಟ್ಟಿಗೆ ವಂಶದಿಂದ ಬರುತ್ತದೆ. ಎರಡನೆಯದು ಆಹಾರ ಮತ್ತು ಗೂಡಿನ ಶುಚಿತ್ವದ ಮೇಲೆ ನಿಂತಿದೆ. ಮಾಂಸಕ್ಕೆಂದು ಇಟ್ಟ ಗಂಡು ಮರಿಗಳ ಬೀಜವನ್ನು ಮೊದಲ ಎರಡು ಮೂರು ವಾರಗಳಲ್ಲೇ ಪಶುವೈದ್ಯರಿಂದ ನೋವು ನಿವಾರಕ ಕೊಡಿಸಿ ತೆಗೆಸಿದರೆ ಈ ಚಿಂತೆ ಉಳಿಯುವುದಿಲ್ಲ.

ಕೊನೆಯ 24 ಗಂಟೆಗಳು

ಏಳೆಂಟು ತಿಂಗಳ ಶ್ರಮವನ್ನು ಒಂದು ದಿನದ ಅಜಾಗರೂಕತೆ ಹಾಳು ಮಾಡಬಲ್ಲದು. ಬದುಕಿದ್ದಾಗ ಸ್ನಾಯುವಿನ ಪಿಎಚ್ (ಹುಳಿಯ ಅಳತೆ; ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 7ರ ಆಸುಪಾಸು. ಕೊಯ್ದ ಮೇಲೆ ಗ್ಲೈಕೋಜನ್ ಆಮ್ಲವಾಗಿ ಬದಲಾಗಿ 24 ಗಂಟೆಗಳಲ್ಲಿ ಅದು ನಿಧಾನವಾಗಿ 5.5ರಿಂದ 5.7ಕ್ಕೆ ಇಳಿಯಬೇಕು. ಕೊಯ್ಯುವ ಕ್ಷಣದಲ್ಲಿ ಹಂದಿ ಗಾಬರಿಗೊಂಡಿದ್ದರೆ ಮೈ ಬಿಸಿ ಇರುವಾಗಲೇ ಪಿಎಚ್ ದಡಕ್ಕನೆ ಕುಸಿದು ಮಾಂಸ ಬಿಳಿಚಿ ನೀರು ಬಿಡುತ್ತದೆ. ಬಹಳ ಹೊತ್ತು ಉಪವಾಸವಿದ್ದು, ಕಾದಾಡಿ ದಣಿದಿದ್ದರೆ ಗ್ಲೈಕೋಜನ್ ಮುಗಿದು ಪಿಎಚ್ ಇಳಿಯುವುದೇ ಇಲ್ಲ. ಮಾಂಸ ಕಪ್ಪಾಗಿ, ಗಟ್ಟಿಯಾಗಿ, ಬೇಗ ಕೆಡುತ್ತದೆ. ಆದ್ದರಿಂದ 12ರಿಂದ 18 ಗಂಟೆ ಆಹಾರ ನಿಲ್ಲಿಸಿ, ನೀರನ್ನು ಮಾತ್ರ ನಿಲ್ಲಿಸದೆ, ಬೆಳಗಿನ ತಂಪಿನಲ್ಲಿ ಸಾಗಿಸಬೇಕು. ಪರಿಚಯವಿಲ್ಲದ ಹಂದಿಗಳನ್ನು ಒಂದೇ ಗಾಡಿಗೆ ತುಂಬಬಾರದು. ತಲುಪಿದ ಮೇಲೆ ಎರಡು ಮೂರು ಗಂಟೆ ನೆರಳಿನಲ್ಲಿ ಮಲಗಲು ಬಿಡಬೇಕು. ಹ್ಯಾಲೋಥೇನ್ ದೋಷವಿರುವ ಹಂದಿಗೆ ಈ ಎಚ್ಚರವೆಲ್ಲ ಇದ್ದೂ ಮಾಂಸ ಕೆಡಬಹುದು, ದೋಷವಿಲ್ಲದ ಹಂದಿಗೆ ಈ ಎಚ್ಚರವೊಂದೇ ಸಾಕು.

ದೋಷ ತಳಿಯದೋ ಆಹಾರದ್ದೋ ಎಂದು ಕಂಡುಕೊಳ್ಳುವುದು

ಇದಕ್ಕೆ ಸಾಕಣೆದಾರನೇ ಮಾಡಬಹುದಾದ ಒಂದು ಸರಳ ಪರೀಕ್ಷೆ ಇದೆ. ಒಂದೇ ತಂದೆಯ ಎರಡು ಮೂರು ಸೂಲಿನ ಮರಿಗಳನ್ನು ತೂಕ ಮತ್ತು ಲಿಂಗ ನೋಡಿ ಜೋಡಿ ಮಾಡಿ, ಪ್ರತಿ ಜೋಡಿಯಿಂದ ಒಂದೊಂದನ್ನು ಎರಡು ಗೂಡುಗಳಿಗೆ ಹಂಚಬೇಕು. ಒಂದು ಗೂಡಿಗೆ ಈಗ ಹಾಕುತ್ತಿರುವ ಆಹಾರವನ್ನೇ ಹಾಕಿ, ಇನ್ನೊಂದಕ್ಕೆ ಅದೇ ಆಹಾರದ ಜೊತೆಗೆ ಸೋಯಾ ಹಿಂಡಿ ಅಥವಾ ಲೈಸಿನ್ ಪುಡಿಯನ್ನು ಸೇರಿಸಿ, 25 ಕಿಲೋದಿಂದ 60 ಕಿಲೋವರೆಗೆ ಹದಿನೈದು ದಿನಕ್ಕೊಮ್ಮೆ ಅಳತೆ ಬರೆದಿಡಬೇಕು. ಕೊಯ್ದಾಗ ಕೊನೆಯ ಪಕ್ಕೆಲುಬಿನ ನೇರಕ್ಕೆ, ಬೆನ್ನಿನ ನಡುಗೆರೆಯಿಂದ ಆರೂವರೆ ಸೆಂಟಿಮೀಟರ್ ಪಕ್ಕದಲ್ಲಿ ಕೊಬ್ಬಿನ ದಪ್ಪವನ್ನು ಸ್ಕೇಲಿನಿಂದ ಅಳೆಯಬೇಕು. ಎರಡನೆಯ ಗೂಡಿನವು ಬೇಗ ಬೆಳೆದು ಕೊಬ್ಬು ತೆಳುವಾಗಿದ್ದರೆ ತಳಿಯಲ್ಲಿ ಇನ್ನೂ ಶಕ್ತಿ ಇದೆ, ಕೊರತೆ ಇದ್ದದ್ದು ಆಹಾರದಲ್ಲಿ. ಮುಂದಿನ ಹಣವನ್ನು ಹಿಂಡಿಗೆ ಹಾಕಬೇಕು. ಎರಡೂ ಗೂಡುಗಳು ಆರೋಗ್ಯವಾಗಿದ್ದು, ನೀರು ನೆರಳು ಎಲ್ಲ ಸರಿಯಿದ್ದೂ ಒಂದೇ ಸಮ ಬೆಳೆದು ಒಂದೇ ದಪ್ಪದ ಕೊಬ್ಬು ಕಟ್ಟಿದ್ದರೆ ತಳಿ ತನ್ನ ಮಿತಿಯನ್ನು ಮುಟ್ಟಿದೆ. ಹೆಚ್ಚಿನ ಹಿಂಡಿಯನ್ನು ನಿಲ್ಲಿಸಿ, ಆ ಹಣವನ್ನು ಮುಂದಿನ ಗಂಡಿಗಾಗಿ ಕೂಡಿಡಬೇಕು. ಹೊಸ ಗಂಡು ಬಂದು ಅದರ ಮೊದಲ ಮರಿಗಳು 25 ಕಿಲೋ ಮುಟ್ಟಿದಾಗ ಈ ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ, ಏಕೆಂದರೆ ಹಳೆಯ ತಳಿಗೆ ಸಾಕಾಗಿದ್ದ ಆಹಾರ ಹೊಸದಕ್ಕೆ ಸಾಕಾಗುವುದಿಲ್ಲ.